ಒಂದೇ ಸಲ ಹೇಳಿದರೆ ಸಾಕು

ತೀರಿಕೊಂಡ ಅತ್ತೆಯ ನರೆಗೂದಲು ಬಾಚಿ, ಕೊನೆಯ ಸಲ ಜಡೆ ಹೆಣೆಯುತ್ತಿದ್ದಾಗ ಸೊಸೆಯ ಫೋನು ಗುಂಯ್‌ಗುಟ್ಟಿತು. ಪುರಸಭೆ ಕಚೇರಿಯ ಜವಾನ.

"ಅಕ್ಕಾ, ಈ ಹೊತ್ತಲ್ಲಿ ಫೋನ್ ಮಾಡಬಾರದು, ಗೊತ್ತು. ಏಳು ವರ್ಷದ ಹುಡುಗಿ. ತೋಳು ತುಂಬಾ ಬರೆ. ಇಷ್ಟು ದಿನ ತುಟಿ ಪಿಟಕ್ ಅನ್ನದವಳು ಇವತ್ತು ಹೇಳ್ತೀನಿ ಅಂದ್ಲಂತೆ, ಟೀಚರ್ ಕರ್ಕೊಂಡು ಬಂದಿದಾರೆ."

ಏಟು ತಿಂದ ಮಕ್ಕಳ ಮಾತು ಬರೆದುಕೊಳ್ಳಲು ಪುರಸಭೆಯಲ್ಲಿ ಇದ್ದದ್ದೇ ಇಬ್ಬರು. ಒಬ್ಬರ ತಲೆ ಈಗ ಅವಳ ಮಡಿಲಲ್ಲಿತ್ತು. ಅತ್ತೆ ಪಕ್ಕದಲ್ಲಿಲ್ಲದೆ ಅವಳು ಒಂದು ಮಗುವಿನೆದುರೂ ಕೂತವಳಲ್ಲ.

"ಇವತ್ತೊಂದಿನ ಬಿಟ್ರೆ ಆಕಾಶ ಕಳಚಿ ಬೀಳುತ್ತಾ?" ಅತ್ತೆಯ ತಂಗಿ ಸಿಡುಕಿದರು. "ನಿನ್ನ ಗಂಡ ವ್ಯಾನು ತರೋಕೆ ಹೋಗಿದಾನೆ. ನೋಡಿದವರು ಏನಂದಾರು?"

ಸೊಸೆ ಮಾವನ ಮುಖ ನೋಡಿದಳು.

*

ಅತ್ತೆ ಆಗ ಪುರಸಭೆಯಲ್ಲಿ ಬರೀ ಟೈಪಿಸ್ಟು. ಇಪ್ಪತ್ತೆರಡು ವರ್ಷದ ಹಿಂದೆ ಮನೆಯವರ ಏಟಿಗೆ ಕೈ ಮುರಿದ ಹುಡುಗನೊಬ್ಬ ನಡೆದದ್ದನ್ನು ಶಾಲೆಯಲ್ಲಿ ಹೇಳಿದ, ಠಾಣೆಯಲ್ಲಿ ಹೇಳಿದ, ಆಸ್ಪತ್ರೆಯಲ್ಲಿ ಎರಡು ಸಲ ಹೇಳಿದ. ಐದನೆಯ ಸಲ ಅತ್ತೆಯ ಟೈಪ್‌ರೈಟರಿನೆದುರು ನಿಂತು, "ನಾನೇ ಮೆಟ್ಟಿಲಿಂದ ಬಿದ್ದೆ" ಎಂದುಬಿಟ್ಟ. ಅವನನ್ನು ಅದೇ ಮನೆಗೆ ಕಳಿಸಿದರು.

ಮುಂದಿನ ಸಭೆಯಲ್ಲಿ ಅತ್ತೆ ಎದ್ದು ನಿಂತರು. ಟೈಪಿಸ್ಟು ಅಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ಸುಳ್ಳು ಹೇಳಿದ್ದು ಹುಡುಗ, ಹೇಳಿಸಿದ್ದು ನಾವು. ಪೊಲೀಸ್ನೋರು, ಡಾಕ್ಟ್ರು ಎಲ್ಲ ಒಂದೇ ಕೋಣೆಗೆ ಬರಲಿ. ಮಗು ಒಂದೇ ಸಲ ಹೇಳಲಿ."

"ಕೋಣೆ ಎಲ್ಲಿದೆಯಮ್ಮ? ನನ್ನ ತಲೆ ಮೇಲಾ?" ಅಧ್ಯಕ್ಷರು ನಕ್ಕರು.

"ತಲೆ ಬೇಡ ಸಾರ್, ನಿಮ್ಮ ಕೋಣೆ ಕೊಟ್ರೆ ಸಾಕು."

ಹಿಡಿದ ಪಟ್ಟು ಬಿಡಲಿಲ್ಲ. ಮೂರು ವರ್ಷಕ್ಕೆ ಅಧ್ಯಕ್ಷರ ಕೋಣೆಯೇ ಸಿಕ್ಕಿತು.

*

"ಏನ್ ನೋಡ್ತೀಯಮ್ಮ, ಹೊರಡು," ಎಂದರು ಮಾವ. ಬಸ್ ಓಡಿಸಿ ದಪ್ಪಗಾದ ದನಿ. "ನಿನ್ನ ಮದುವೆ ಊಟದ ಮಧ್ಯೆಯೇ ಇಂಥದೇ ಮಗೂಗಾಗಿ ಕೈ ತೊಳೆದು ಎದ್ದು ಹೋದವಳು ಅವಳು. ಮಗೂಗೆ ನಾಳೆ ಬಾ ಅಂದ್ರೆ ಈಗಲೂ ಎದ್ದು ಕೂತು ಬೈತಾಳೆ."

"ಅಲ್ಲೀತನಕ ಅಕ್ಕನ್ನ ಹೀಗೇ ಇಟ್ಕೊಂಡಿರೋದಾ ಭಾವ?"

"ಕಾಯೋಣ. ಮಕ್ಕಳು ಬಾಯಿ ಬಿಡಲಿ ಅಂತ ಅವಳು ಎಷ್ಟು ಕಾದಿಲ್ಲ?"

ಸೊಸೆ ಜಡೆಯ ತುದಿ ಕಟ್ಟಿ ಎದ್ದಳು.

ಪುರಸಭೆಯ ಆ ಕೋಣೆಯಲ್ಲಿ ಹುಡುಗಿ ಮೇಜಿನ ಕೆಳಗೆ ಕೂತಿದ್ದಳು. ಗಾಜಿನಾಚೆ ಕೇಳಿಸಿಕೊಳ್ಳಲು ಕೂತ ಡಾಕ್ಟರು, ಪೊಲೀಸಿನಾಕೆ. ಸೊಸೆ ಕುರ್ಚಿ ಸರಿಸಿ ನೆಲದ ಮೇಲೆಯೇ ಕೂತಳು.

"ನೀವು ಅತ್ತಿದೀರಾ?"

"ಹೂಂ. ನಮ್ಮತ್ತೆ ತೀರಿಕೊಂಡ್ರು."

"ಬೈತಿದ್ರಾ?"

"ನಾನು ತಪ್ಪು ಬರೆದ್ರೆ ಮಾತ್ರ."

ಹುಡುಗಿ ಯೋಚಿಸಿದಳು. "ನಾನು ತಪ್ಪು ಹೇಳಿದ್ರೆ?"

"ನೀನು ಹೆಂಗೆ ಹೇಳ್ತೀಯೋ ಹಂಗೇ ಬರೀತೀನಿ. ಒಂದೇ ಸಲ ಹೇಳು, ಸಾಕು."

ಹುಡುಗಿ ಮೇಜಿನಡಿಯಿಂದ ಒಂದಿಷ್ಟು ಮುಂದೆ ಸರಿದು, ಹೇಳತೊಡಗಿದಳು. ಸೊಸೆ ಹಾಗೆಯೇ ಬರೆದುಕೊಳ್ಳುತ್ತ ಹೋದಳು.

ಹುಡುಗಿ ಇನ್ನು ಬರೆ ಹಾಕಿದ ಮನೆಗೆ ಮರಳುವುದಿಲ್ಲವೆಂದು ತೀರ್ಮಾನವಾಗಿ, ಕರೆದೊಯ್ಯಲು ಅಜ್ಜಿ ಬಂದು ರುಜು ಹಾಕುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಸೊಸೆ ಬಾಗಿಲು ತೆರೆದಳು.

ಪುರಸಭೆಯ ಗೇಟಿನ ಬಳಿ ಅತ್ತೆಯನ್ನು ಹೊತ್ತ ವ್ಯಾನು ಎಂಜಿನ್ ಆರಿಸಿ ಅವಳಿಗಾಗಿ ಕಾದು ನಿಂತಿತ್ತು. ಮೆಟ್ಟಿಲುಗಳ ಮೇಲೆ ಜನವೋ ಜನ. ಅವಳ ಹಿಂದೆ ಪುಟ್ಟ ಫ್ರಾಕು ಕಂಡದ್ದೇ ಮಾವ ಎದ್ದು ನಿಂತರು.

"ಯಾರ ಮಗು ಅಂತ ನಮಗೆ ಗೊತ್ತಾಗೋದು ಬೇಡ. ಆ ಕಡೆ ತಿರುಗ್ರಪ್ಪ."

ಈಗಿನ ಅಧ್ಯಕ್ಷರು, ಕಸ ಗುಡಿಸುವವರು, ನೆಂಟರಿಷ್ಟರು, ಅತ್ತೆಯ ತಂಗಿ, ಎಲ್ಲರೂ ಗೋಡೆಗೆ ಮುಖ ಮಾಡಿ ನಿಂತರು. ಆ ಬೆನ್ನುಗಳ ನಡುವೆ ಹುಡುಗಿ ಅಜ್ಜಿಯ ಕೈ ಹಿಡಿದು, ಚಪ್ಪಲಿ ಟಪಟಪ ಎನ್ನಿಸುತ್ತ, ಅವಸರವೇ ಇಲ್ಲದೆ ಮೆಟ್ಟಿಲಿಳಿದು ಹೋದಳು.