ತೊಂಬತ್ತು ದಾಟಿದವರ ಮನೆತನ

ಆ ಮನೆತನದಲ್ಲಿ ಗಂಡಸರು ಐವತ್ತೆರಡು ದಾಟುತ್ತಿರಲಿಲ್ಲ. ಆದರೆ ಅದನ್ನು ಹೃದಯದ ತಲೆಗೆ ಕಟ್ಟುವಷ್ಟು ಕೆಟ್ಟವರು ಅಲ್ಲಿ ಯಾರೂ ಇರಲಿಲ್ಲ. ಅಪ್ಪ ಸತ್ತದ್ದು ಕಾಂಪೌಂಡು ಗೋಡೆಯ ವಿಷಯಕ್ಕೆ ಪಕ್ಕದ ಮನೆಯವನೊಡನೆ ಕಿರುಚಾಡಿ. ದೊಡ್ಡಪ್ಪ ಸತ್ತದ್ದು ತಣ್ಣೀರು ಸ್ನಾನ ಮಾಡಿ. ಚಿಕ್ಕಪ್ಪನ ಸಾವಿಗೆ ಅವರ ಭಾವಮೈದುನನೇ ಕಾರಣ ಎಂದು ಈಗಲೂ ಎಲ್ಲರೂ ನಂಬಿದ್ದಾರೆ, ಭಾವಮೈದುನನೂ ಸೇರಿ.

ಹೃದಯದ ಮೇಲೆ ಯಾರಿಗೂ ಅನುಮಾನ ಬಾರದಿರಲು ಮನೆಯ ಹಿರಿಮಗಳಾದ ಅಕ್ಕನೇ ಕಾರಣ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಪ್ಪತ್ತು ವರ್ಷಗಳಿಂದ, ವರ್ಷಕ್ಕೊಂದು ಭಾನುವಾರ, ಬಂಧುಬಳಗವನ್ನೆಲ್ಲ ಖಾಲಿ ಹೊಟ್ಟೆಯಲ್ಲಿ ಸಾಲಾಗಿ ಕೂರಿಸಿ ರಕ್ತ ತೆಗೆಯುತ್ತಿದ್ದಳು. ಮುಂದಿನ ಭಾನುವಾರ ಎಲ್ಲರೆದುರು ರಿಪೋರ್ಟು ಓದುತ್ತಿದ್ದಳು. ಒಳ್ಳೆಯ ಕೊಲೆಸ್ಟ್ರಾಲು ಉಳಿದವರಿಗೆ ನಲವತ್ತೋ ಐವತ್ತೋ ಇದ್ದರೆ ಇವರಿಗೆ ತೊಂಬತ್ತರ ಮೇಲೆ. ಆ ಅಂಕಿಗೆ ಕೆಂಪು ಶಾಯಿಯ ಸುತ್ತು. ಅತಿ ಹೆಚ್ಚು ಬಂದವರಿಗೆ ಅವತ್ತು ಕಿಟಕಿ ಪಕ್ಕದ ಕುರ್ಚಿ. ಸೊಸೆಯಂದಿರು ನಲವತ್ತೈದು ತಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಹೊರಗಿನಿಂದ ಬಂದವರು, ಪಾಪ.

ಲ್ಯಾಬಿಗೆ ಹೊಸದಾಗಿ ಬಂದ ಡಾಕ್ಟರಮ್ಮನಿಗೆ ಈ ತೊಂಬತ್ತುಗಳು ಹಿಡಿಸಲಿಲ್ಲ. ಅಕ್ಕನ ತಮ್ಮನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸೋಣ ಎಂದರು. ತಮ್ಮ ಗಾಜಿನಂಗಡಿಯವನು, ವಯಸ್ಸು ಐವತ್ತು, ಅಂಕಿ ತೊಂಬತ್ತಾರು. ಇದೇನೋ ಮೇಲಿನ ಹಂತದ ಸ್ಪರ್ಧೆ ಎಂದುಕೊಂಡು ಖುಷಿಯಿಂದಲೇ ಸಹಿ ಹಾಕಿದ.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಅಕ್ಕನನ್ನು ಕರೆದು ಬಾಗಿಲು ಹಾಕಿದರು.

"ಒಳ್ಳೆ ಕೊಲೆಸ್ಟ್ರಾಲ್ ಕೆಲಸ ಏನು? ರಕ್ತನಾಳದ ಗೋಡೇಲಿ ಕೂತ ಕೊಬ್ಬನ್ನ ಎತ್ಕೊಂಡು ಹೋಗಿ ಲಿವರಿಗೆ ಒಪ್ಪಿಸೋದು. ನಿಮ್ಮ ತಮ್ಮನ ಜೀನಲ್ಲಿ ಒಂದು ದೋಷ ಇದೆ. ಲಿವರ್ ಅದನ್ನ ಸರಿಯಾಗಿ ಒಳಗೆ ತಗೊಳ್ತಿಲ್ಲ. ರಕ್ತದಲ್ಲೇ ಸುತ್ತಾಡ್ಕೊಂಡಿದೆ. ಅದಕ್ಕೇ ಅಂಕಿ ಅಷ್ಟು."

"ಅಂದ್ರೆ ಹಾಜರಿ ಪೂರ್ತಿ, ಕೆಲಸ ಮಾತ್ರ ಆಗ್ತಿಲ್ಲ?"

"ಹಾಗೇ ಅಂದ್ಕೊಳ್ಳಿ. ಇವರಿಗೆ ಹೃದಯದ ಅಪಾಯ ಕಡಿಮೆ ಅಲ್ಲ, ಜಾಸ್ತಿ. ಎದೆ ನೋವು ಗೀವು ಅಂತ ಯಾವತ್ತಾದ್ರೂ ಅಂದಿದ್ರಾ?"

ತಮ್ಮ ಅಂದಿದ್ದ. ಹೋದ ವರ್ಷ, ಗಾಜು ಹೊತ್ತು ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ, ಡಾಕ್ಟರಿಗೆ ತೋರಿಸಲಾ ಎಂದು ಕೇಳಿದ್ದ. "ತೊಂಬತ್ತಾರು ಇಟ್ಕೊಂಡು ಡಾಕ್ಟರ್ ಹತ್ರ ಹೋದ್ರೆ ನಗ್ತಾರೆ, ಅದು ಗ್ಯಾಸು" ಎಂದು ಅಕ್ಕನೇ ಗದರಿಸಿ ಕಳಿಸಿದ್ದಳು. ಅಕ್ಕನ ಮಾತೆಂದರೆ ಆ ಮನೆಯಲ್ಲಿ ಕೋರ್ಟಿನ ತೀರ್ಪು. ಮೇಲ್ಮನವಿಯೂ ಇಲ್ಲ. ಅವಳು ತಪ್ಪಿದ್ದನ್ನು ಕಂಡವರೂ ಇಲ್ಲ.

ಆಟೋ ಹಿಡಿದು ಅಂಗಡಿಗೆ ಹೋದಳು. ತಮ್ಮ ಮೇಜಿನ ಮೇಲೆ ಗಾಜು ಹಾಸಿ ಗೀರು ಎಳೆಯುತ್ತಿದ್ದ. ರಿಪೋರ್ಟು ನೋಡಿ ನಕ್ಕ.

"ಈ ಡಾಕ್ಟರುಗಳ ಕತೆ ಬಿಡಕ್ಕ. ನೀನೇ ಹೇಳಿದ್ಯಲ್ಲ, ಗ್ಯಾಸು ಅಂತ."

"ಅವರು ಸರಿಯಾಗೇ ಹೇಳ್ತಿದಾರೆ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು."

"ನಾಳೆ ಆರು ಕಿಟಕಿ ಕೊಡ್ಬೇಕು. ಮುಂದಿನ ವಾರ ನೋಡೋಣ."

ಅಕ್ಕ ರಿಪೋರ್ಟು ಮಡಚಿಟ್ಟಳು. ಇಪ್ಪತ್ತು ವರ್ಷ ಎಲ್ಲರೆದುರು ಓದಿದವಳಿಗೆ ಈಗ ಮೂರು ಮಾತು ಹೊರಡುತ್ತಿರಲಿಲ್ಲ.

"ನಾನು ತಪ್ಪು ಹೇಳಿದ್ದೆ."

ತಮ್ಮನ ಕೈ ನಿಂತಿತು. ಜೀನು, ಲಿವರು, ಅಪಾಯ, ಯಾವುದಕ್ಕೂ ಬಿಳಿಚದ ಮುಖ ಈಗ ಬಿಳಿಚಿತು. ಹೆಂಡತಿಯನ್ನು ಕೂಗಿದ. "ಏ, ಶಟರ್ ಎಳಿ. ಅಕ್ಕ ತಪ್ಪು ಅಂತ ಒಪ್ಕೊಂಡ್ಳು. ನನಗೇನೋ ದೊಡ್ಡದೇ ಆಗಿದೆ."

ಆಗಿತ್ತು. ಹೃದಯದ ಎರಡು ರಕ್ತನಾಳ ಮುಕ್ಕಾಲುಪಾಲು ಮುಚ್ಚಿದ್ದವು. ಮರುದಿನವೇ ಎರಡು ಸ್ಟೆಂಟ್ ಹಾಕಿದರು. ಇನ್ನೊಂದು ತಿಂಗಳು ಗಾಜು ಹೊತ್ತಿದ್ದರೆ ಮನೆಯವರು ಯಾವುದಾದರೂ ಕಿಟಕಿಯನ್ನು ದೂರುತ್ತಿದ್ದರು.

ವಾರ್ಡಿನಲ್ಲಿ ಅಕ್ಕ ಮಂಚದ ಪಕ್ಕ ಕೂತು ಅತ್ತಳು. ನನ್ನಿಂದಲೇ ಹೀಗಾಯ್ತು ಎಂದಳು. ತಮ್ಮ ಸಮಾಧಾನ ಮಾಡಲಿಲ್ಲ.

"ಅಕ್ಕ, ನಿನ್ನದು ಎಷ್ಟು?"

"ಏನೋ ಎಷ್ಟು?"

"ಅಂಕಿ."

"ನೂರಾ ನಾಲ್ಕು." ಮೂಗು ಒರೆಸಿಕೊಂಡಳು. "ಆದ್ರೆ ನಮ್ಮನೇಲಿ ಹೋಗಿರೋರೆಲ್ಲ ಗಂಡಸರು ತಾನೇ?"

"ನೀನು ಗಂಡಸೋ ಹೆಂಗಸೋ, ಜೀನಿಗೇನು ಗೊತ್ತು? ಮೆಟ್ಟಿಲು ಹತ್ತೋವಾಗ ಹೇಗಿರುತ್ತೆ?"

ಅಕ್ಕ ಆ ವರ್ಷವೆಲ್ಲ ಲ್ಯಾಬಿಗೆ ಲಿಫ್ಟಿನಲ್ಲೇ ಹೋಗಿದ್ದಳು. ಯಾಕೆಂದು ಯಾರಿಗೂ ಹೇಳಿರಲಿಲ್ಲ, ತನಗೂ.

ತಮ್ಮ ಕರೆಗಂಟೆ ಒತ್ತಿದ. ನರ್ಸ್ ವಿಷಯ ಕೇಳಿ, ಡಾಕ್ಟರಿಗೆ ತಿಳಿಸಿ ಬಂದು ಅಕ್ಕನ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಎತ್ತಿದಳು. ಸಾವಿರಾರು ತೋಳುಗಳಿಗೆ ಚುಚ್ಚಿದ ಅಕ್ಕ ಕಣ್ಣು ಮುಚ್ಚಿಕೊಂಡು ತಮ್ಮನ ಕೈ ಗಟ್ಟಿಯಾಗಿ ಹಿಡಿದಳು.

"ಹೆದ್ರಿಕೆ ಆಗ್ತಿದೆ ಕಣೋ" ಎಂದಳು.