ಅತ್ತೆಯ ನೆತ್ತಿಗೆ ಬಿದ್ದ ನೀರು

ಕಂಪಾಲಾದ ಮಗ್ಗುಲಿನ ನನ್ಸಾನಾ ಗುಡ್ಡದಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಲುಸ್ವಾಟನಿಗೇ ಕರೆ ಹೋಗುತ್ತಿತ್ತು. ಅವನದೇ ಮನೆಯ ಕಕ್ಕಸಿನ ಫ್ಲಶ್ ತೊಟ್ಟಿ ಮಾತ್ರ ಎಂಟು ವರ್ಷದಿಂದ ತುಂಬಿ ತುಳುಕಿ ಹಿತ್ತಿಲಿಗೆ ತೊಟ್ಟಿಕ್ಕುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೆಂಡತಿ ನಬ್ಬೋಸಾ ಹೇಳಿ ಹೇಳಿ ಸುಸ್ತಾಗಿ, ಈಗ ಹೇಳುವುದನ್ನೇ ಬಿಟ್ಟಿದ್ದಳು.

ಬುಧವಾರ ಮಧ್ಯಾಹ್ನ ಅವನು ಮೂರು ಮನೆಗಳ ಕೊಳೆ ಮೆತ್ತಿಕೊಂಡು ಬಂದಾಗ ಅವಳು ಗೇಟಿನಲ್ಲೇ ನಿಂತಿದ್ದಳು.

"ಅಮ್ಮನ ತಲೆ ಮೇಲೆ ನೀರು ಬಿತ್ತು."

"ಯಾವ ನೀರು?"

"ಯಾವ ನೀರು ಅಂತ ಕೇಳ್ತೀರಲ್ಲ ರೀ! ನಿಮ್ಮ ಕಕ್ಕಸಿನ ನೀರು."

ಲುಸ್ವಾಟ ಸಾಮಾನಿನ ಚೀಲ ಕೆಳಗಿಟ್ಟ. ಅದರ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತುಬಿಡೋಣ ಅನ್ನಿಸಿತು.

ಮನೆ ಕಟ್ಟುವಾಗ ಹಿಂದೆ, ಒಂದಾಳು ತಗ್ಗಿನಲ್ಲಿ, ಬಾಳೆಗಿಡಗಳಿದ್ದವು. ತೊಟ್ಟಿಯ ಹೆಚ್ಚುವರಿ ನೀರಿನ ಕೊಳವೆಯನ್ನು ಅವನು ಗೋಡೆ ತೂರಿಸಿ ನೆಟ್ಟಗೆ ಹೊರಗೆ ಬಿಟ್ಟಿದ್ದ. ಬಾಳೆಗೂ ನೀರಾಯಿತು, ಕೊಳವೆ ಬಗ್ಗಿಸುವ ರಗಳೆಯೂ ತಪ್ಪಿತು ಎಂದು ಮೀಸೆ ತಿರುವಿದ್ದ. ಆಮೇಲೆ ಬಾಳೆ ಕಡಿದು ಅಲ್ಲೇ ಬಾಡಿಗೆಗೊಂದು ಕೋಣೆ ಎಬ್ಬಿಸಿದ. ಕೊಳವೆಯ ನೀರು ಅದರ ತಗಡಿನ ಮೇಲೆ ಜಾರಿ ಸರಿಯಾಗಿ ಬಾಗಿಲ ಮುಂದೆ ಇಳಿಯತೊಡಗಿತು. ಬಾಡಿಗೆಯವರು ಬಕೆಟ್ಟು ಇಟ್ಟುಕೊಂಡು ತೆಪ್ಪಗಿದ್ದರು.

ಈಗ ಅಲ್ಲಿದ್ದವಳು ಮುಬೆಂಡೆಯಿಂದ ಕಣ್ಣಿನ ಪೊರೆ ತೆಗೆಸಲು ಬಂದ ಅತ್ತೆ, ನಕ್ಯೇಯುನೆ. ಅವರ ಕಟ್ಟಳೆಯಲ್ಲಿ ಅತ್ತೆ, ಅಳಿಯ ಒಂದೇ ಸೂರಿನಡಿ ಮಲಗುವಂತಿಲ್ಲ, ಒಂದೇ ಕಕ್ಕಸು ಬಳಸುವಂತಿಲ್ಲ, ಎದುರಾದರೆ ದಾರಿ ಬಿಟ್ಟು ಸರಿಯಬೇಕು. ಮೈ ತಗುಲಿತೋ, ಒಬುಕೊ ಎಂಬ ನಡುಕದ ರೋಗ ಹಿಡಿಯುತ್ತದೆ. ಕೈ ನಡುಗುತ್ತದೆ, ತಲೆ ನಡುಗುತ್ತದೆ, ಸಾಯುವತನಕ ನಿಲ್ಲುವುದಿಲ್ಲ. ಬೆರಳು ತಾಗಿದರೇ ಹೀಗೆ. ಇನ್ನು ಅಳಿಯನ ಕಕ್ಕಸಿನ ನೀರು ನೆತ್ತಿಗೇ ಬಿದ್ದರೆ?

"ನಾಳೆ ಎಂಟಕ್ಕೆ ಆಪರೇಷನ್ನು," ಎಂದಳು ನಬ್ಬೋಸಾ. "ಒಂಚೂರೂ ಅಲ್ಲಾಡ್ಬಾರ್ದು ಅಂದಿದಾರೆ ಡಾಕ್ಟ್ರು. ಅಮ್ಮ ಬೆಳಗ್ಗೆಯಿಂದ ಕೈ ಮುಂದೆ ಚಾಚ್ಕೊಂಡು ಕೂತಿದಾಳೆ. ನಡುಕ ಇನ್ನೇನು ಶುರುವಾಗತ್ತೆ, ಕತ್ತಿ ಕಣ್ಣೊಳಗೆ ಜಾರತ್ತೆ, ನನ್ನ ಊರಿಗೆ ಕಳ್ಸು ಅಂತಾಳೆ. ಒಂದು ಕಣ್ಣಂತೂ ಹೋಯ್ತು. ಇನ್ನೊಂದೂ ಹೋದ್ರೆ?"

ಲುಸ್ವಾಟ ಊಟಕ್ಕೂ ಕೂರದೆ ಹಿತ್ತಿಲಿಗೆ ಹೋಗಿ ಏಣಿ ಇಟ್ಟ. ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ದನಿ ಬಂತು.

"ನಬ್ಬೋಸಾ, ಮೇಲೆ ಹತ್ತಿರೋರನ್ನ ಕೇಳು, ಏನು ಮಾಡ್ತಿದಾರೆ ಅಂತ."

"ಅಮ್ಮ ಕೇಳ್ತಿದಾಳೆ..."

"ಕೇಳಿಸ್ತು. ಕೊಳವೆ ಬಾಯಿ ಆ ಕಡೆ ತಿರುಗಿಸ್ತಿದೀನಿ ಅಂತ ಹೇಳು."

"ಆ ಕಡೆ ಯಾರಿದಾರೆ ಅಂತ ಕೇಳು."

ಆ ಕಡೆ ಪಕ್ಕದ ಮನೆಯವರ ಬಟ್ಟೆ ಒಣಗುತ್ತಿತ್ತು.

"ಮೂಗು ಸೋರೋ ಮಗೂನ ಪಕ್ಕದ್ಮನೆ ಕಡೆ ತಿರುಗಿಸಿ ಕೂರ್ಸಿದ್ರೆ ನೆಗಡಿ ವಾಸಿ ಆಗತ್ತಾ ಅಂತ ಕೇಳು. ರಾತ್ರಿಯೆಲ್ಲಾ ಆ ತೊಟ್ಟಿ ಸುಯ್ಯ್ ಅಂತಾನೇ ಇತ್ತು. ಕಣ್ಣಿಲ್ಲದ ನಂಗೆ ಕೇಳತ್ತೆ, ಕಿವಿ ಇರೋರಿಗೆ ಕೇಳಲ್ವಾ?"

ನಬ್ಬೋಸಾ ಅಂಗೈ ಬಾಯಿಗೆ ಒತ್ತಿಕೊಂಡು ನಗು ತಡೆದಳು. ಲುಸ್ವಾಟನಿಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡಲೂ ತ್ರಾಣ ಬೇಕಲ್ಲ. ಇಳಿದು ಒಳಗೆ ಹೋಗಿ ತೊಟ್ಟಿಯ ಮುಚ್ಚಳ ತೆಗೆದ. ನೀರು ತಡೆಯುವ ರಬ್ಬರು ಸವೆದು ಸತ್ತಿತ್ತು. ಅಂಥ ರಬ್ಬರನ್ನು ಊರವರಿಗೆ ವಾರಕ್ಕೆ ನಾಲ್ಕು ಹಾಕುತ್ತಿದ್ದ. ತನಗೊಂದು ಹಾಕಿಕೊಂಡ. ಗೋಡೆಯೊಳಗಿನ ಕೊಳವೆಯನ್ನು ಕಿತ್ತು ಕತ್ತರಿಸಿ, ಬಗ್ಗಿಸಿ, ಒಳಗೇ ಬಚ್ಚಲ ನೆಲದ ತೂತಿಗೆ ಇಳಿಸಿದ. ಇನ್ನು ಸೋರಿದರೆ ನನ್ನ ಕಾಲ ಮೇಲೇ ಸೋರಲಿ ಎಂದುಕೊಂಡು ಗೋಡೆಯ ತೂತಿಗೆ ಸಿಮೆಂಟು ಮೆತ್ತಿದ. ಮುಗಿಸಿ ಹಿತ್ತಿಲಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಅತ್ತೆಯ ಬಾಗಿಲು ಅರ್ಧ ತೆರೆಯಿತು. ಸುಕ್ಕುಗಟ್ಟಿದ ಕೈಯೊಂದು ಹೊರಬಂದು ತಗಡಿನ ಅಂಚಿನ ಕೆಳಗೆ ಬಹಳ ಹೊತ್ತು ಕಾಯಿತು.

"ನಿಂತಿದೆ," ಎಂದಳು ಅವಳು. "ಆದ್ರೆ ಬಿದ್ದಿದ್ದು ಬಿತ್ತಲ್ಲ ಮಗಳೇ. ಬೆಳಗ್ಗೆ ನನ್ನ ಬಸ್ಸು ಹತ್ತಿಸು."

ತನ್ನ ಸೋಮಾರಿತನಕ್ಕೆ ಒಬ್ಬ ಹೆಂಗಸಿನ ಕಣ್ಣು ಹೋಗುತ್ತಿದೆ ಎಂಬುದನ್ನು ಲುಸ್ವಾಟನಿಗೆ ತಡೆಯಲಾಗಲಿಲ್ಲ. ಅತ್ತೆಗೆ ಬೆನ್ನು ಹಾಕಿ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಸಿದ. ನಬ್ಬೋಸಾ ಚಹಾ ತಂದುಕೊಟ್ಟಳು. ಅವನ ಕೈಯಲ್ಲಿ ಬಸಿಯ ಮೇಲಿನ ಕಪ್ಪು ಕಟಕಟ ಸದ್ದು ಮಾಡಿತು. ಎರಡೂ ಕೈಯಲ್ಲಿ ಹಿಡಿದ. ಸದ್ದು ಇನ್ನೂ ಜೋರಾಯಿತು.

"ಯಾರ ಕೈ ಅದು ನಡುಗ್ತಿರೋದು?" ಎಂದು ಒಳಗಿನಿಂದ ಅತ್ತೆ ಕೇಳಿದಳು.

"ನಂದು ಅಮ್ಮ," ಎಂದ ಲುಸ್ವಾಟ, ಹೆಂಡತಿಯ ಬಾಯಲ್ಲಿ ಹೇಳಿಸದೆ ನೇರವಾಗಿ. "ಇವತ್ತಿಂದಲ್ಲ. ಕೆಲಸ ಮುಗಿಸಿ ಬಂದ್ರೆ ದಿನಾ ಸಂಜೆ ಹೀಗೇ. ನಾಲ್ಕು ವರ್ಷ ಆಯ್ತು. ಯಾರಿಗೂ ಹೇಳಿಲ್ಲ."

ನಬ್ಬೋಸಾ ಗಂಡನ ಕೈಗಳನ್ನೇ ನೋಡುತ್ತ ನಿಂತಳು.

"ನಿಮ್ಮಪ್ಪಂಗೂ ಹೀಗೇ ಆಗ್ತಿತ್ತು, ಕಾಫಿ ಮೂಟೆ ಹೊತ್ಕೊಂಡು ಬಂದ ದಿನ," ಎಂದಳು ಮುದುಕಿ ಮಗಳಿಗೆ. "ಅವ್ರನ್ನ ಯಾವ ಅತ್ತೇನೂ ಮುಟ್ಟಿರ್ಲಿಲ್ಲ. ಎಲ್ಲಿ, ನಂಗೂ ಒಂದು ಕಪ್ಪು ಕೊಡು. ಬಸಿ ಸಮೇತ. ಅಂಚಿನ ತನಕ ತುಂಬ್ಸು."

ಬಾಗಿಲ ಸಂದಿಯಿಂದ ಕೈ ಮತ್ತೆ ಹೊರಬಂತು. ನಬ್ಬೋಸಾ ಅದರ ಮೇಲೆ ತುಂಬಿದ ಕಪ್ಪು ಇಟ್ಟಳು. ಮೂವರೂ ಕಿವಿಗೊಟ್ಟರು. ಬಸಿಯ ಮೇಲೆ ಕಪ್ಪು ಚೂರೂ ಸದ್ದು ಮಾಡಲಿಲ್ಲ.

"ಎಂಟಕ್ಕೆ ಅಂದ್ರೆ ಮನೆ ಎಷ್ಟಕ್ಕೆ ಬಿಡ್ಬೇಕು?" ಎಂದು ಕೇಳಿದಳು ಅತ್ತೆ, ಒಂದು ಗುಟುಕು ಕುಡಿದು. "ಆ ಮನುಷ್ಯನಿಗೆ ಹೊಟ್ಟೆ ತುಂಬ ಏನಾದ್ರೂ ಹಾಕು. ನಾಳೆ ಅವ್ರು ಕೆಲ್ಸಕ್ಕೆ ಹೋಗೋದು ಬೇಡ. ನನ್ನ ಡಾಕ್ಟ್ರ ಹತ್ರಾನೇ ಅವ್ರ ಕೈನೂ ತೋರ್ಸು."

ನಬ್ಬೋಸಾ ಬೇಯಿಸಿದ ಬಾಳೆಕಾಯಿ ಬಡಿಸಿಕೊಂಡು ಬರುವಷ್ಟರಲ್ಲಿ ಲುಸ್ವಾಟ ಏಣಿಗೆ ಒರಗಿ ನಿದ್ದೆಹೋಗಿದ್ದ. ತಟ್ಟೆ ಹಿಡಿದು ಅವಳು ಅಲ್ಲೇ ಪಕ್ಕದಲ್ಲಿ ಕೂತಳು. ಎಬ್ಬಿಸಲು ಮನಸ್ಸಾಗಲಿಲ್ಲ.