ಕಂಡಕ್ಟರ ಮೂಲಂಗಿ

ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತೇ ಕಳೆದ ಕಂಡಕ್ಟರಿಗೆ ನಿವೃತ್ತಿಯಾದ ಮರುದಿನವೇ ಒಂದು ಸತ್ಯ ಗೊತ್ತಾಯಿತು: ತಮ್ಮ ಮನೆಯಲ್ಲೇ ತಮಗೆ ಕೂರಲು ಜಾಗವಿಲ್ಲ. ಇರುವುದು ಎರಡು ಕೋಣೆ. ಹೆಂಡತಿ ಟೈಲರ್. ಮುಂದಿನ ಕೋಣೆಯ ತುಂಬ ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳ ಗಂಟುಗಳು. ಮಂಚದ ಮೇಲೆ ಕೂತರೆ ಅಡಿಯಲ್ಲಿ ಯಾರದೋ ರವಿಕೆ. ಕುರ್ಚಿಯಲ್ಲಿ ಕೂತರೆ ಅಳತೆ ಕೊಡಲು ಬಂದ ಹೆಂಗಸರು ಹೊಸ್ತಿಲಲ್ಲೇ ನಿಂತುಬಿಡುವರು. "ರೀ, ಸ್ವಲ್ಪ ಆ ಕಡೆ ಸರೀರಿ" ಎಂದು ಹೆಂಡತಿ ದಿನಕ್ಕೆ ಇಪ್ಪತ್ತು ಸಲ ಹೇಳುವಳು. ಕೆಟ್ಟ ಮನಸ್ಸಿನಿಂದಲ್ಲ. ಇಷ್ಟು ವರ್ಷ ಹಗಲೆಲ್ಲ ಇಲ್ಲದ ಗಂಡ ಈಗ ಹೋದಲ್ಲಿ ಬಂದಲ್ಲಿ ಕಾಲಿಗೆ ತೊಡರಿದರೆ ಆಕೆಯಾದರೂ ಏನು ಮಾಡಿಯಾಳು?

ಉಳಿದದ್ದು ಬಾಲ್ಕನಿ. ಐದು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ, ಒಳ್ಳೆಯ ಬಿಸಿಲು. ಅದರ ಮೇಲೂ ಹೆಂಡತಿಯ ಕಣ್ಣು ಬಿದ್ದಿತ್ತು. ಸುತ್ತ ಗಾಜು ಹಾಕಿಸಿ ಎರಡನೇ ಮೆಷಿನ್ನು ಇಡಬೇಕೆಂದು ಬಡಗಿಗೂ ಹೇಳಿಯಾಗಿತ್ತು. ಅವನು ಐವತ್ತು ದಿನ ಬಿಟ್ಟು ಬರುತ್ತೇನೆಂದಿದ್ದ.

"ಅಲ್ಲಿ ನಾನು ತರಕಾರಿ ಬೆಳೀತೀನಿ," ಎಂದರು ಕಂಡಕ್ಟರು, ಹುಟ್ಟಿದಾಗಿನಿಂದ ಒಂದು ಗಿಡಕ್ಕೂ ನೀರು ಹಾಕದವರು.

"ನೀವಾ? ಕೊತ್ತಂಬರಿ ತನ್ನಿ ಅಂದ್ರೆ ಪುದೀನ ತರೋರು!" ಆಕೆ ಕತ್ತರಿ ಕೆಳಗಿಟ್ಟು ನಕ್ಕಳು. "ಆಯ್ತು. ಬಡಗಿ ಬರೋ ಹೊತ್ತಿಗೆ ನಮ್ಮಿಬ್ಬರ ಒಂದು ಊಟಕ್ಕೆ ಸಾಲೋವಷ್ಟು ಬೆಳೆದು ತೋರಿಸಿ, ಬಾಲ್ಕನಿ ನಿಮ್ದು. ಇಲ್ಲಾಂದ್ರೆ ಮೆಷಿನ್‌ದು."

ಬೀಜದಂಗಡಿಯವನು ಮೂಲಂಗಿ ಬೀಜ ಕೊಟ್ಟ. "ಇದೂ ಬರ್ಲಿಲ್ಲ ಅಂದ್ರೆ ತೋಟದ ಆಸೆ ಬಿಟ್ಬಿಡಿ ಸಾರ್" ಎಂದು ಆಶೀರ್ವಾದವನ್ನೂ ಮಾಡಿದ. ಬಟ್ಟೆ ಒಗೆಯುವ, ತಳ ಬಿರುಕು ಬಿಟ್ಟ ಟಬ್ಬಿಗೆ ಮಣ್ಣು ಬಿತ್ತು. ಬೀಜಕ್ಕೂ ಬೀಜಕ್ಕೂ ನಾಲ್ಕು ಬೆರಳು ಅಂತರವಿರಲಿ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಕಂಡಕ್ಟರಿಗೆ ನಗು ಬಂತು. ಐವತ್ತು ಜನರ ಬಸ್ಸಿಗೆ ನೂರು ಜನರನ್ನು ಹತ್ತಿಸಿ, "ಒಳಗಡೆ ಹೋಗಿ, ಒಳಗಡೆ ಜಾಗ ಇದೆ" ಎಂದು ನೂರ ಒಂದನೆಯವನನ್ನೂ ತುರುಕಿದ ಕೈ ಅದು. ಪೊಟ್ಟಣವನ್ನು ಪೂರ್ತಿ ಸುರಿದರು.

ನಾಲ್ಕೇ ದಿನಕ್ಕೆ ಒಂದೂ ಬಿಡದಂತೆ ಎಲ್ಲವೂ ಮೊಳೆತವು. ಕಂಡಕ್ಟರು ದಿನಾ ಬೆಳಿಗ್ಗೆ ತಲೆ ಎಣಿಸುವರು, ಅರ್ಧಕ್ಕೆ ಲೆಕ್ಕ ತಪ್ಪಿ ಮೊದಲಿನಿಂದ ಶುರು ಮಾಡುವರು. ಇಪ್ಪತ್ತನೇ ದಿನ ಪಕ್ಕದ ಮನೆಯ ಅಜ್ಜಿ ತನ್ನ ಬಾಲ್ಕನಿಯಿಂದ ಇಣುಕಿದಳು. ಆಕೆಯ ಬದನೆ, ಬೆಂಡೆ ಇಡೀ ಬೀದಿಗೆ ಗೊತ್ತು.

"ಅಯ್ಯೋ, ಉಸಿರುಕಟ್ಟಿ ಸಾಯ್ತಾವಪ್ಪಾ! ನಾಲ್ಕು ಬೆರಳಿಗೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತು ಬಿಸಾಕು. ಇಲ್ಲಾಂದ್ರೆ ಗೆಡ್ಡೆ ಕಟ್ಟಲ್ಲ."

ಕಂಡಕ್ಟರು ಬಗ್ಗಿ ಒಂದು ಸಸಿಯನ್ನು ಹಿಡಿದರು. ಬಿಟ್ಟರು. ಇನ್ನೊಂದನ್ನು ಹಿಡಿದರು. ಅದನ್ನೂ ಬಿಟ್ಟರು. "ಹತ್ತಿಸ್ಕೊಂಡೋರನ್ನ ನಡುದಾರೀಲಿ ಇಳಿಸೋದು ಹೇಗಜ್ಜಿ?" ಎಂದರು. ಅಜ್ಜಿ ಹಣೆ ಹಣೆ ಚಚ್ಚಿಕೊಂಡಳು. ಕಂಡಕ್ಟರಿಗೆ ನಿಜವಾಗಿಯೂ ಸಂಕಟವಾಗಿತ್ತು. ಜಾಗವಿಲ್ಲವೆಂದು ಎತ್ತಿ ಬಿಸಾಡಿಸಿಕೊಳ್ಳುವುದು ಎಂಥದೆಂದು ಅವರಿಗೆ ಈಚೆಗೆ ಚೆನ್ನಾಗಿ ಗೊತ್ತಿತ್ತು.

ಬಸ್ಸು ಕೆಟ್ಟು ನಿಂತರೆ ಕಂಡಕ್ಟರಾದವನು ಏನು ಮಾಡುತ್ತಾನೆ? ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಎಲ್ಲರನ್ನೂ ಹತ್ತಿಸುತ್ತಾನೆ. ಆ ಮಧ್ಯಾಹ್ನವೇ ಕೆಲಸ ಶುರುವಾಯಿತು. ಸಸಿಗಳನ್ನೆಲ್ಲ ಕಿತ್ತು, ನಾಲ್ಕು ಬೆರಳಿಗೊಂದರಂತೆ ಕೆಲವನ್ನು ಟಬ್ಬಿನಲ್ಲೇ ಮತ್ತೆ ನೆಟ್ಟರು. ಮಿಕ್ಕವು ಬಿಸ್ಕತ್ತಿನ ಡಬ್ಬಿ ಹತ್ತಿದವು, ಹಿಡಿ ಮುರಿದ ಮಗ್ಗು ಹತ್ತಿದವು, ಹಳೇ ಬೂಟುಗಳನ್ನು ಹತ್ತಿದವು. ಬಾಲ್ಕನಿ ತುಂಬಿತು. ಕಿಟಕಿ ತುಂಬಿತು. ಬಚ್ಚಲಿನ ಗೂಡೂ ತುಂಬಿತು. ಒಂದು ದಿನ ಹೆಂಡತಿ ಗುಂಡಿಗಾಗಿ ಡಬ್ಬಿಗೆ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಒದ್ದೆ ಮಣ್ಣು.

"ನನ್ನ ಗುಂಡಿಗಳೆಲ್ಲಿ?"

"ಪೊಟ್ಟಣ ಕಟ್ಟಿಟ್ಟಿದ್ದೀನಿ ಕಣೇ. ಹತ್ತೇ ದಿನ ತಡ್ಕೋ."

ಆಕೆ ಹತ್ತು ದಿನ ತಡೆದುಕೊಂಡಳು, ಆದರೆ ಮಾತು ಬಿಟ್ಟಳು.

ಐವತ್ತನೇ ದಿನ ಬಡಗಿ ಟೇಪು ಹಿಡಿದು ಬಂದ. ಹೆಂಡತಿ ಮೊರ ತಂದಿಟ್ಟಳು. ಅಜ್ಜಿಯೂ ತನ್ನ ಬಾಲ್ಕನಿಗೆ ಬಂದು ನಿಂತಳು. ಕಂಡಕ್ಟರು ಮೊದಲನೆಯದನ್ನು ಎಳೆದರು. ಮೇಲೆ ಹಿಡಿ ಸೊಪ್ಪು, ಕೆಳಗೆ ಬೆರಳು ಗಾತ್ರದ ಮೂಲಂಗಿ, ಅದೂ ಎರಡು ಕವಲು. ಎರಡನೆಯದೂ ಹಾಗೇ. ಮೂರನೆಯದು ಕಾಲ ಮೇಲೆ ಕಾಲು ಹಾಕಿಕೊಂಡಿತ್ತು.

"ಮೂಲಂಗೀನ ಕಿತ್ತು ನೆಟ್ರೆ ಕವಲೇ ಒಡೆಯೋದು," ಎಂದಳು ಅಜ್ಜಿ. "ಮೊದಲೇ ಕೇಳೋದಲ್ವೇನಪ್ಪಾ?"

ಹೆಂಡತಿ ಒಂದನ್ನು ಎತ್ತಿ ಹಿಡಿದು ನೋಡಿದಳು. ತುಟಿ ಅದುರಿತು. "ರೀ, ಇದು ಪ್ಯಾಂಟು! ಸೊಂಟ ಹದಿನೆಂಟು, ಒಂದು ಕಾಲು ಗಿಡ್ಡ!" ಎಂದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಹತ್ತು ದಿನದ ಮೌನವೆಲ್ಲ ಆ ನಗುವಿನಲ್ಲಿ ಕೊಚ್ಚಿಹೋಯಿತು. ಹೆತ್ತವರಿಗೆ ಹೆಗ್ಗಣ ಮುದ್ದು, ಕಂಡಕ್ಟರು ಮಾತ್ರ ನಗದೆ ಒಂದೊಂದನ್ನೂ ಒರೆಸಿ ಮೊರದಲ್ಲಿ ಜೋಡಿಸಿದರು. ಎಲ್ಲ ಸೇರಿ ಒಂದು ಬೊಗಸೆಯಾಯಿತು.

ಸೊಪ್ಪನ್ನೂ ಸೇರಿಸಿಕೋ ಎಂದು ವಾದಿಸಬಹುದಿತ್ತು. ಅಜ್ಜಿ ಸನ್ನೆಯನ್ನೂ ಮಾಡಿದಳು. ಆದರೆ ಮೂವತ್ತೆರಡು ವರ್ಷದಲ್ಲಿ ಒಂದು ಸುಳ್ಳು ಟಿಕೆಟ್ಟನ್ನೂ ಹರಿಯದ ಮನುಷ್ಯ ಅವರು.

"ಸಾಲದು ಕಣೇ," ಎಂದರು. ಟಬ್ಬಿನ ಮಣ್ಣನ್ನು ಚೀಲಕ್ಕೆ ಸುರಿದು, ಟಬ್ಬನ್ನು ಬೋರಲು ಹಾಕಿ, ಬೂಟುಗಳನ್ನು ಮೂಲೆಗೆ ತಳ್ಳಿದರು. ಬಡಗಿಗೆ ದಾರಿ ಬಿಟ್ಟು, ಯಾರೂ ಹೇಳುವ ಮೊದಲೇ, ಗೋಡೆಗೆ ಅಂಟಿಕೊಂಡು ನಿಂತರು. ಹೊಟ್ಟೆಯನ್ನೂ ಒಳಗೆಳೆದುಕೊಂಡಿದ್ದರು.

ಹೆಂಡತಿಯ ನಗು ಅಲ್ಲಿಗೆ ನಿಂತಿತು. ಗಂಡ ತನ್ನ ಮನೆಯಲ್ಲಿ ಹೀಗೆ ನಿಲ್ಲುವುದನ್ನು ಯಾವಾಗ ಕಲಿತರು, ಕಲಿಸಿದವರು ಯಾರು ಎಂದು ಆಕೆಗೆ ಹೊಳೆಯಿತು.

"ಅಮ್ಮಾ, ಗಾಜು ಎಲ್ಲಿಂದ ಎಲ್ಲಿವರೆಗೆ?" ಎಂದ ಬಡಗಿ.

"ಗಾಜು ಬೇಡ. ಒಂದು ಕುರ್ಚಿ ಮಾಡ್ಕೊಡು. ಕೈ ಇರೋದು, ಅಗಲವಾಗಿರ್ಲಿ."

"ಯಾರಿಗಮ್ಮಾ?"

"ನಮ್ಮನೆಯವರಿಗೆ."

"ಹಾಗಾದ್ರೆ ಎತ್ತರ ನೋಡ್ಬೇಕು. ಸಾರ್, ಒಂಚೂರು ಕೂತ್ಕೊಳ್ಳಿ."

ಕಂಡಕ್ಟರು ಬೋರಲು ಬಿದ್ದಿದ್ದ ಟಬ್ಬಿನ ಅಂಚಿಗೆ ಅರ್ಧಂಬರ್ಧ ಕೂತರು. ಬಡಗಿ ಬಗ್ಗುವ ಮೊದಲೇ ಹೆಂಡತಿ ಕೊರಳಲ್ಲಿದ್ದ ಟೇಪು ತೆಗೆದು, ನೆಲಕ್ಕೆ ಮಂಡಿಯೂರಿ, ಅವರ ಮೊಣಕಾಲಿನ ಅಳತೆ ತಾನೇ ಹಿಡಿದಳು.

"ಸರಿಯಾಗಿ ಕೂತ್ಕೊಳ್ರಿ," ಎಂದಳು, ತಲೆ ಎತ್ತದೆ. "ಇಲ್ಲಿಂದ ನಿಮ್ಮನ್ನ ಯಾರೂ ಎಬ್ಬಿಸಲ್ಲ."